ಬೆಟ್ಟ ಓಡೋದಾ, ಸೈಕಲ್ ತುಳಿಯೋದಾ? ಪುಣೆಯ ಹವ್ಯಾಸಿಗಳಿಗೊಂದು ಹೋಲಿಕೆ

ಮಳೆ ಕಡಿಮೆಯಾಗಿ ಟೇಕಡಿಗಳ (ಇಲ್ಲಿನ ಗುಡ್ಡಗಳಿಗೆ ಮರಾಠಿ ಹೆಸರು) ಹುಲ್ಲು ಒಣಗತೊಡಗಿದರೆ ಸಾಕು, ಪುಣೆಯ ಕನ್ನಡ ಬಳಗದಲ್ಲಿ ಈ ಪ್ರಶ್ನೆ ಏಳುತ್ತದೆ. ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅಣ್ಣಾ, ಈ ಸಲ ಒಂದು ರೇಸ್ ಮಾಡ್ಬೇಕು ಅಂತಿದೀನಿ. ಟ್ರೇಲ್ ರನ್ನಿಂಗ್ ಮಾಡ್ಲಾ, ಮೌಂಟನ್ ಬೈಕ್ ತಗೊಳ್ಲಾ?" ಹಿಂಜವಡಿಯ ಆಫೀಸ್ ಗ್ರೂಪಿನಲ್ಲೂ ಇದೇ ಮಾತು. ನಾನು ಎರಡರಲ್ಲೂ ರೇಸ್ ಮಾಡುವವನು. ಪದಕದ ಆಸೆ ಇಲ್ಲ. ಗಡುವು ಮುಗಿಯುವ ಮುಂಚೆ ಗೆರೆ ದಾಟಿದರೆ ಅವತ್ತು ಊಟ ರುಚಿಸುತ್ತದೆ, ಅಷ್ಟೇ. ನೌಕರಿ, ಮನೆ, ಮಕ್ಕಳ ಸ್ಕೂಲು ಎಲ್ಲ ಇಟ್ಟುಕೊಂಡೇ ಬೆಟ್ಟಕ್ಕೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮುಂದಿರುವ ದಾರಿಗಳು ನಾಲ್ಕು. ಹತ್ತರಿಂದ ಇಪ್ಪತ್ತೈದು ಕಿ.ಮೀ. ಒಳಗಿನ ಟ್ರೇಲ್ ಓಟ, ಅಂದರೆ ಡಾಂಬರು ಬಿಟ್ಟು ಬೆಟ್ಟದ ಕಾಲುದಾರಿಯಲ್ಲಿ ಓಡುವುದು. ಐವತ್ತು ಕಿ.ಮೀ. ಮತ್ತು ಮೇಲಿನ ಅಲ್ಟ್ರಾ. ಮೌಂಟನ್ ಬೈಕ್, ಅಂದರೆ ಬೆಟ್ಟದ ದಾರಿಗೆ ಮಾಡಿದ ದಪ್ಪ ಟೈರಿನ ಸೈಕಲ್ಲಿನ ಕ್ರಾಸ್-ಕಂಟ್ರಿ ರೇಸ್. ಇನ್ನೊಂದು, ಓಟ-ಸೈಕಲ್ ಎರಡೂ ಇರುವ ತಂಡದ ಸಾಹಸ ರೇಸ್.

ಮೊದಲು ಏನೇನು ನೋಡಬೇಕು

ಎಲ್ಲರೂ ದುಡ್ಡಿನಿಂದ ಶುರು ಮಾಡುತ್ತಾರೆ. ನಾನು ವಾರದ ದಿನಗಳಿಂದ ಶುರು ಮಾಡಿ ಅನ್ನುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇದೆ? ನಿಮ್ಮ ಮನೆಯಿಂದ ಬೆಟ್ಟ ಎಷ್ಟು ದೂರ? ಎರಂಡವಣೆ, ಕೋಥ್ರೂಡ್ ಕಡೆಯವರಿಗೆ ಹನುಮಾನ್ ಟೇಕಡಿ, ವೇತಾಳ ಟೇಕಡಿ ಬಾಗಿಲಲ್ಲೇ ಇದ್ದ ಹಾಗೆ. ಬಾಣೇರ್, ಪಾಷಾಣದವರಿಗೆ ಅವರದೇ ಟೇಕಡಿ ಇದೆ. ಪಿಂಪ್ರಿ-ಚಿಂಚವಡದವರಿಗೆ ಘೋರವಡೇಶ್ವರ. ಖರಾಡಿ, ಮಗರಪಟ್ಟಾದಲ್ಲಿ ಇರುವವರು ಬೆಟ್ಟ ಮುಟ್ಟುವುದರೊಳಗೆ ಅರ್ಧ ಬೆಳಗು ಟ್ರಾಫಿಕ್‌ಗೆ ಹೋಗುತ್ತದೆ. ಇದೊಂದೇ ಸಂಗತಿ ಎಷ್ಟೋ ಜನರ ಆಯ್ಕೆಯನ್ನು ನಿರ್ಧರಿಸಿಬಿಡುತ್ತದೆ, ಅವರಿಗೆ ಗೊತ್ತಾಗುವುದು ತಡವಾಗಿ.

ಆಮೇಲೆ ದುಡ್ಡು. ಇದರಲ್ಲಿ ಎರಡು ಬಗೆ: ಮೊದಲ ದಿನ ಹಾಕುವುದು, ತಿಂಗಳು ತಿಂಗಳು ಸೋರುವುದು. ಎರಡನ್ನೂ ಲೆಕ್ಕ ಹಾಕಿ. ಮೂರನೆಯದು ಮೈ. ಹಳೇ ಮೊಣಕಾಲು ನೋವು, ಮತ್ತೆ ಮತ್ತೆ ಉಳುಕುವ ಕಣಕಾಲು, ಸೊಂಟ, ತೂಕ. ಬಿ.ಪಿ., ಶುಗರ್ ಇದ್ದವರು, ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ನಾಲ್ಕನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಇಳಿಜಾರಿನಲ್ಲಿ ನೀವು ಎಂಥವರು? ಏರು ಎರಡರಲ್ಲೂ ಒಂದೇ ಥರ. ಉಸಿರು ಹೋಗುತ್ತದೆ, ಕಾಲು ಉರಿಯುತ್ತದೆ, ನಿಧಾನ ಮಾಡಿದರೆ ಸರಿಹೋಗುತ್ತದೆ. ಇಳಿಜಾರು ಹಾಗಲ್ಲ. ಓಡಿ ಇಳಿದರೆ ಅದರ ಬಿಲ್ಲು ಆಮೇಲೆ ಬರುತ್ತದೆ, ತೊಡೆಗೆ, ಮೊಣಕಾಲಿಗೆ. ಸೈಕಲ್ಲಿನಲ್ಲಿ ಇಳಿದರೆ ಬಿಲ್ಲು ಅಲ್ಲೇ, ಆ ಕ್ಷಣಕ್ಕೇ, ನಿಮ್ಮ ಧೈರ್ಯಕ್ಕೆ ಮತ್ತು ಗಮನಕ್ಕೆ. ಯಾವ ಬಿಲ್ಲು ಕಟ್ಟಲು ನಿಮಗೆ ಅಡ್ಡಿಯಿಲ್ಲ ಅಂತ ಯೋಚಿಸಿ. ಮುಂದಿನದೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಚಿಕ್ಕ ಟ್ರೇಲ್ ಓಟ: 10ರಿಂದ 25 ಕಿ.ಮೀ.

ಹೆಚ್ಚಿನವರಿಗೆ ಇದೇ ಸರಿಯಾದ ಬಾಗಿಲು. ಬೇಕಾಗಿದ್ದು ಒಳ್ಳೆಯ ಟ್ರೇಲ್ ಶೂ, ನೀರು ಹೊರುವ ವೆಸ್ಟ್, ಒಂದು ಸೀಟಿ. ಶೂ ಸುಮಾರು ಐದು ಸಾವಿರದಿಂದ ಹದಿನಾಲ್ಕು ಸಾವಿರದವರೆಗೆ ಸಿಗುತ್ತದೆ. ವೆಸ್ಟ್ ಎರಡು-ಮೂರು ಸಾವಿರದ್ದೇ ಮೊದಲ ವರ್ಷಕ್ಕೆ ಸಾಕು. ಡೆಕಾಥ್ಲಾನ್‌ನಲ್ಲಿ ಒಂದು ಸಂಜೆ ಕಳೆದರೆ ಎಲ್ಲ ಮುಗಿಯುತ್ತದೆ.

ಶೂ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಸಹ್ಯಾದ್ರಿ ಅಂದರೆ ಬಸಾಲ್ಟ್ ಕಲ್ಲು. ಅದರ ಮೇಲೆ ಸಡಿಲವಾದ ಗರಸು, ಮರಾಠಿಯವರು ಮುರುಮ್ ಅನ್ನುವುದು. ಬೇಸಿಗೆಯಲ್ಲಿ ಅದು ಗೋಲಿಗಳ ಹಾಗೆ ಕಾಲ ಕೆಳಗೆ ಉರುಳುತ್ತದೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ. ಅಡಿಯ ಗುಬಟುಗಳು ನಾಲ್ಕೈದು ಮಿಲಿಮೀಟರ್ ಇದ್ದರೆ ಎರಡಕ್ಕೂ ನಡೆಯುತ್ತದೆ. ತುಂಬಾ ಉದ್ದ ಇದ್ದರೆ ಕೆಸರಿಗೆ ಚೆಂದ, ಬಂಡೆಯ ಮೇಲೆ ಜಾರುತ್ತದೆ. ಅಳತೆ ತಗೊಳ್ಳುವಾಗ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಿ. ಇಲ್ಲದಿದ್ದರೆ ಮೊದಲ ಉದ್ದ ಇಳಿಜಾರಿಗೇ ಉಗುರು ಕಪ್ಪಾಗುತ್ತದೆ. ರಸ್ತೆ ಓಟದ ಶೂ ಐನೂರು ಕಿ.ಮೀ. ಮೇಲೆ ಆರಾಮಾಗಿ ಬರುತ್ತದೆ, ಅಲ್ವಾ? ಬಸಾಲ್ಟಿನ ಮೇಲೆ ಅಡಿ ಬೇಗ ಸವೆಯುತ್ತದೆ. ಓಟದಲ್ಲಿ ಸೋರುವ ದುಡ್ಡು ಅಂದರೆ ಇದೇ.

ರೇಸ್ ಆರಿಸುವಾಗ ದೂರವನ್ನಷ್ಟೇ ನೋಡಬೇಡಿ. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಸ್ಥೆ ಬಳಸುವ ಒಂದು ಸುಲಭ ಲೆಕ್ಕ ಇದೆ. ಪ್ರತಿ ನೂರು ಮೀಟರ್ ಏರಿಗೆ ಒಂದು ಕಿ.ಮೀ. ಕೂಡಿಸಿ. 25 ಕಿ.ಮೀ. ಓಟದಲ್ಲಿ 1,200 ಮೀಟರ್ ಏರು ಇದ್ದರೆ ಅದು 37 ಕಿ.ಮೀ. ಶ್ರಮ. "ನಾನು ಹಾಫ್ ಮ್ಯಾರಥಾನ್ ಎರಡು ಗಂಟೆಯಲ್ಲಿ ಮುಗಿಸ್ತೀನಿ, ಇದು ಎರಡೂವರೆ ಆಗಬಹುದು" ಅನ್ನುವವರು ಈ ಲೆಕ್ಕ ಹಾಕಿದ ಮೇಲೆ ಸುಮ್ಮನಾಗುತ್ತಾರೆ. ಏರಿನಲ್ಲಿ ನಡೆಯುವುದಕ್ಕೆ ನಾಚಿಕೆ ಬೇಡ. ಮುಂದಿನ ಸಾಲಿನವರೂ ಕಡಿದಾದ ಏರಿನಲ್ಲಿ ತೊಡೆಗೆ ಕೈ ಊರಿ ನಡೆಯುತ್ತಾರೆ.

ಇಳಿಜಾರು ಯಾಕೆ ಅಷ್ಟು ಕಾಡುತ್ತದೆ ಅಂದರೆ, ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದರಿಂದ ಸ್ನಾಯುವಿನೊಳಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ನೋವು ಅವತ್ತೇ ಬರುವುದಿಲ್ಲ. ಒಂದೆರಡು ದಿನ ಬಿಟ್ಟು, ಆಫೀಸಿನ ಮೆಟ್ಟಿಲು ಇಳಿಯುವಾಗ ಬರುತ್ತದೆ. ಇದಕ್ಕೆ ಮದ್ದು ಇಳಿಜಾರೇ. ಸಿಂಹಗಡಕ್ಕೆ ಆತಕರವಾಡಿಯಿಂದ ಕಾಲುದಾರಿ ಇದೆ. ಸುಮಾರು ಮೂರು ಕಿ.ಮೀ., ಐನೂರು ಮೀಟರ್‌ಗೂ ಮೇಲಿನ ಏರು. ಸ್ವಾರಗೇಟ್‌ನಿಂದ ಬೆಟ್ಟದ ಬುಡಕ್ಕೆ ಸಿಟಿ ಬಸ್ಸು ಹೋಗುತ್ತದೆ. ಭಾನುವಾರ ಬೆಳಕು ಹರಿಯುವ ಮುಂಚೆ ಹತ್ತಿ, ಗುಂಪು ಬರುವ ಮುಂಚೆ ಹುಷಾರಾಗಿ ಇಳಿದು ಬಿಡಿ. ತಡವಾಗಿ ಹೋದರೆ ದಾರಿ ತುಂಬ ಜನ. ಅಂಥ ದಿನ ಓಡುವ ಆಸೆ ಬಿಟ್ಟು ಮೇಲೆ ಪಿಟ್ಲ-ಭಾಕರಿ ತಿನ್ನುವುದೇ ಜಾಣತನ. ನಮ್ಮ ಜುಣಕ ರೊಟ್ಟಿಯ ರುಚಿ ಗೊತ್ತಿದ್ದವರಿಗೆ ಅದರಲ್ಲೇನೂ ಕೊರತೆ ಕಾಣುವುದಿಲ್ಲ.

ಯಾರಿಗೆ ಸಲ್ಲದು? ಕಣಕಾಲು ಪದೇ ಪದೇ ಉಳುಕುವವರಿಗೆ. ಮೊಣಕಾಲಿನ ಸವೆತ ಇದ್ದವರಿಗೆ. ತೂಕ ಜಾಸ್ತಿ ಇದ್ದವರು ಮೊದಲ ಆರು ತಿಂಗಳು ಹತ್ತಿ, ನಡೆದು ಇಳಿಯಿರಿ, ಸಾಕು.

ಅಲ್ಟ್ರಾ: ಆಸೆ ಬೇರೆ, ವರ್ಷ ಬೇರೆ

ಪುಣೆಯವರಿಗೆ ಅಲ್ಟ್ರಾ ಅಂದರೆ ಮೊದಲು ನೆನಪಾಗುವುದು ಡಿಸೆಂಬರ್‌ನಲ್ಲಿ ನಡೆಯುವ ಎಸ್.ಆರ್.ಟಿ. ಸಿಂಹಗಡ, ರಾಜಗಡ, ತೋರಣಾ. ಹೆಸರಲ್ಲೇ ಮೂರು ಕೋಟೆಗಳಿವೆ. ತೋರಣಾ 1,403 ಮೀಟರ್, ಪುಣೆ ಜಿಲ್ಲೆಯ ಅತಿ ಎತ್ತರದ ಕೋಟೆ. ಇದೇ ರೇಸ್‌ನಲ್ಲಿ ಚಿಕ್ಕ ದೂರಗಳೂ ಇವೆ, ನೂರು ಕಿ.ಮೀ.ಯೂ ಇದೆ. ಹಾಗಾಗಿ ಹೆಸರು ಕೇಳಿ ಹೆದರುವುದೂ ಬೇಡ, ಹುರುಪಿನಲ್ಲಿ ದೊಡ್ಡದಕ್ಕೆ ದುಡ್ಡು ಕಟ್ಟುವುದೂ ಬೇಡ.

ಐವತ್ತು ಕಿ.ಮೀ. ದಾಟಿದರೆ ಅದು ಓಟಕ್ಕಿಂತ ಜಾಸ್ತಿ ಊಟದ ಆಟ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಇಪ್ಪತ್ತೈದು ಗ್ರಾಂ ಆಸುಪಾಸು. ಓಟಗಾರರಿಗೆಂದೇ ಪೊಟ್ಟಣದಲ್ಲಿ ಬರುವ ಸಿಹಿ ಜೆಲ್ ಕೊಳ್ಳಬಹುದು, ಆದರೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಶೇಂಗಾ ಚಿಕ್ಕಿ, ಖರ್ಜೂರ ನಮ್ಮ ಹೊಟ್ಟೆಗೆ ಹೆಚ್ಚು ಒಗ್ಗುತ್ತವೆ. ಬರೀ ನೀರು ಕುಡಿಯುತ್ತಾ ಹೋಗುವುದು ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗಿ, ವಾಂತಿಯಾಗಿ, ಕೆಲವೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ. ಓ.ಆರ್.ಎಸ್. ಪೊಟ್ಟಣ ಇಟ್ಟುಕೊಳ್ಳಿ. ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗಟ್ಟಿ ಮಾಡಬೇಡಿ.

ಇದರ ನಿಜವಾದ ಬೆಲೆ ಭಾನುವಾರಗಳು. ನಾಲ್ಕೈದು ತಿಂಗಳು ವಾರಾಂತ್ಯಗಳ ಬೆಳಗು ಹೋಗುತ್ತದೆ. ಉಳಿದ ಹೊತ್ತು ಸೋಫಾದಲ್ಲಿ ಹೋಗುತ್ತದೆ. ಮನೆಯವರ ಒಪ್ಪಿಗೆ ಇಲ್ಲದೆ ಇದಕ್ಕೆ ಇಳಿಯಬೇಡಿ ಅಂತ ಹೇಳಿದರೆ ಹುಡುಗರು ನಗುತ್ತಾರೆ. ಮದುವೆಯಾದವರು ನಗುವುದಿಲ್ಲ.

ಮೊದಲ ಐವತ್ತಕ್ಕೆ ಸಹ್ಯಾದ್ರಿಯೇ ಆಗಬೇಕೆಂದೇನೂ ಇಲ್ಲ. ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಅಲ್ಲಿ ಏರಿಳಿತ ಇದ್ದರೂ ತೋಟದ ಜೀಪ್ ದಾರಿಗಳಲ್ಲಿ ಓಡಬಹುದು. ಇಲ್ಲಿ ಕೋಟೆಯ ಬಂಡೆಗೆ ಕೈ ಹಿಡಿದು ಹತ್ತುವ ಜಾಗಗಳಿವೆ. ರಸ್ತೆ ಓಟದಿಂದ ಬಂದವರಿಗೆ ಅಲ್ಲಿನದು ಒಗ್ಗುತ್ತದೆ, ಚಾರಣದಿಂದ ಬಂದವರಿಗೆ ಇಲ್ಲಿನದು. ಊರಿಗೆ ಹೋಗಲು ಒಂದು ನೆಪವೂ ಆಗುತ್ತದೆ.

ಮೌಂಟನ್ ಬೈಕ್

ಮೊದಲು ಒಂದು ಗೊಂದಲ ಬಿಡಿಸೋಣ. ಪುಣೆಯಿಂದ ಗೋವಾಕ್ಕೆ ಹೋಗುವ ಡೆಕ್ಕನ್ ಕ್ಲಿಫ್‌ಹ್ಯಾಂಗರ್ ಹೆಸರು ಕೇಳಿ "ಅದಕ್ಕೆ ಎಂ.ಟಿ.ಬಿ. (ಮೌಂಟನ್ ಬೈಕ್) ತಗೊಳ್ತೀನಿ" ಅನ್ನುವವರಿದ್ದಾರೆ. ಅದು ಸುಮಾರು 640 ಕಿ.ಮೀ. ರಸ್ತೆ ರೇಸ್. ದಪ್ಪ ಟೈರಿನಲ್ಲಿ ಅದನ್ನು ತುಳಿಯುವುದು ಶಿಕ್ಷೆ. ನಾನು ಹೇಳುತ್ತಿರುವುದು ಮಣ್ಣು, ಕಲ್ಲು, ಒಂಟಿ ಹಾದಿಯ ರೇಸ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಕ್ರಾಸ್-ಕಂಟ್ರಿ ಒಲಿಂಪಿಕ್ ಆಟ. ಒಂದೇ ಸುತ್ತನ್ನು ಹಲವು ಸಲ ಹಾಕುವುದು. ಹವ್ಯಾಸಿ ರೇಸ್‌ಗಳಲ್ಲಿ ಒಂದೇ ಉದ್ದ ಸುತ್ತೂ ಇರುತ್ತದೆ.

ಖರ್ಚಿನ ಮಾತು. ರೇಸ್‌ಗೆ ಇಳಿಸಬಹುದಾದ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೈಕ್, ಸುಮಾರು ನಲವತ್ತು-ಅರವತ್ತು ಸಾವಿರ. ಇದಕ್ಕಿಂತ ಕಡಿಮೆಯದು ಟೇಕಡಿಗೆ ನಡೆಯುತ್ತದೆ, ರೇಸ್‌ನ ಇಳಿಜಾರಿಗೆ ಸಾಲದು. ನೋಡಬೇಕಾದ್ದು ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಸಾಧ್ಯವಾದರೆ ಗಾಳಿ ತುಂಬುವ ಫೋರ್ಕ್ (ಮುಂದಿನ ಚಕ್ರ ಹಿಡಿದು ಪೆಟ್ಟು ತಡೆಯುವ ಕವಲು), ಟ್ಯೂಬ್‌ಲೆಸ್ ಮಾಡಬಹುದಾದ ಚಕ್ರ. ಉಳಿದದ್ದು ಆಮೇಲೆ. ಹಿಂದೆಯೂ ಸಸ್ಪೆನ್ಷನ್ ಇರುವುದು, ಕಾರ್ಬನ್ ಫ್ರೇಮ್, ಇವಕ್ಕೆ ಲಕ್ಷಗಳು. ಬ್ರೇಕ್ ಹಿಡಿಯುವುದನ್ನೇ ಕಲಿಯದವರು ಕಾರ್ಬನ್ ತಂದು ನಿಲ್ಲಿಸಿದ್ದು ನೋಡಿದಾಗ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಮಾತು ನೆನಪಾಗುತ್ತದೆ.

ಟ್ಯೂಬ್‌ಲೆಸ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಜಾಲಿ ಮುಳ್ಳು. ಪುಣೆಯ ಸುತ್ತಿನ ಬರಡು ಗುಡ್ಡಗಳಲ್ಲಿ ಅದು ಎಲ್ಲ ಕಡೆ ಇದೆ. ಟ್ಯೂಬ್ ಇದ್ದರೆ ಒಂದೇ ಬೆಳಗ್ಗೆ ಎರಡು ಸಲ ಪಂಚರ್ ಆಗಬಹುದು. ಟ್ಯೂಬ್‌ಲೆಸ್‌ನಲ್ಲಿ ಒಳಗಿನ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಗಾಳಿ ಕಡಿಮೆ ಇಟ್ಟು ಓಡಿಸಬಹುದು, ಹಿಡಿತ ಹೆಚ್ಚುತ್ತದೆ. ಆ ದ್ರವ ಕೆಲ ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕಬೇಕು. ಹೀಗೆ ಸೈಕಲ್ಲಿನಲ್ಲಿ ಸೋರುವ ದುಡ್ಡು ಚಿಕ್ಕ ಚಿಕ್ಕದು, ಆದರೆ ನಿಲ್ಲುವುದಿಲ್ಲ. ಚೈನು, ಬ್ರೇಕ್ ಪ್ಯಾಡು, ಟೈರು, ಫೋರ್ಕಿನ ಸರ್ವಿಸು. ಮಳೆಗಾಲದ ಕರಿ ಕೆಸರು ಚೈನನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಶೂ ಆದರೆ ತೊಳೆದು ಬಾಲ್ಕನಿಯಲ್ಲಿ ಇಟ್ಟರೆ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಜೆಟ್ ನೋಡುವವರು ಸೈಕಲ್ಲನ್ನು ಮನೆಯಲ್ಲೇ ಇಡುವುದು ವಾಸಿ.

ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ಹುರುಪಿನಲ್ಲಿ ಕೊಂಡು ವರ್ಷದೊಳಗೆ ಮಾರುವವರು ಪುಣೆಯಲ್ಲಿ ಬೇಕಾದಷ್ಟಿದ್ದಾರೆ. ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಗೀರು ಇದೆಯಾ, ಫ್ರೇಮಿನ ಬೆಸುಗೆಯ ಹತ್ತಿರ ಬಿರುಕು ಇದೆಯಾ, ಅಳತೆ ನಿಮಗೆ ಸರಿಯಾ, ಇಷ್ಟು ನೋಡಿ. ಅಳತೆ ತಪ್ಪಾದ ಬೈಕ್ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಮೈಗೆ ಇದು ಮೃದು. ನೆಲದ ಪೆಟ್ಟು ಇಲ್ಲ. ಹಾಗಾಗಿ ವಾರಕ್ಕೆ ಓಟಕ್ಕಿಂತ ಹೆಚ್ಚು ಗಂಟೆ ತರಬೇತಿ ಮಾಡಿದರೂ ತಡೆಯುತ್ತದೆ. ಮೊಣಕಾಲು ಕೈಕೊಟ್ಟ ಓಟಗಾರರು ಇಲ್ಲಿಗೆ ಬಂದು ಖುಷಿಯಾಗಿದ್ದಾರೆ. ಆದರೆ ಬಿದ್ದರೆ ಕಥೆ ಬೇರೆ. ಕಣಕಾಲು ಉಳುಕಿದ ಓಟಗಾರ ಎರಡು ವಾರ ಕುಂಟುತ್ತಾ ಆಫೀಸಿಗೆ ಹೋಗುತ್ತಾನೆ. ಹ್ಯಾಂಡಲ್ ಮೇಲಿಂದ ಹಾರಿದವನು ಕೊರಳೆಲುಬೋ ಮುಂಗೈಯೋ ಮುರಿದುಕೊಂಡು ಕೀಬೋರ್ಡ್ ಮುಟ್ಟಲಾರದೆ ಕೂರುತ್ತಾನೆ. ಕೈಯಿಂದ ದುಡಿಯುವವರು, ಸರ್ಜನ್ನು, ಡ್ರೈವರು, ತಬಲಾ ನುಡಿಸುವವರು, ಇದನ್ನು ಎರಡು ಸಲ ಯೋಚಿಸಿ. ಹೆಲ್ಮೆಟ್ ಇಲ್ಲದೆ ಗೇಟ್ ದಾಟಬೇಡಿ. ಕೈಗವಸು ಕೂಡ ಬೇಕು. ಬೀಳುವಾಗ ಮೊದಲು ನೆಲ ಮುಟ್ಟುವುದು ಅಂಗೈಯೇ.

ಹೆದರಿಕೆಯವರಿಗೆ ಇದು ಸಲ್ಲ ಅಂತ ಅಲ್ಲ. ಸೈಕಲ್ ಇಳಿಸುವುದು ಕಲಿಯಬಹುದಾದ ವಿದ್ಯೆ. ಸೀಟು ಬಿಟ್ಟು ಎದ್ದು, ಮೈ ಹಿಂದಕ್ಕೆ ತಂದು, ಕಣ್ಣು ಕಲ್ಲಿನ ಮೇಲಲ್ಲ, ಹೋಗಬೇಕಾದ ಕಡೆ. ಒಂದೇ ಇಳಿಜಾರನ್ನು ಮತ್ತೆ ಮತ್ತೆ ಮಾಡಿ. ಆದರೆ ಟೇಕಡಿಗಳಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ವಾಕಿಂಗ್ ಬರುತ್ತಾರೆ, ಮೊದಲ ಹಕ್ಕು ಅವರದು. ದೂರದಿಂದಲೇ "ಕಾಕಾ, ಉಜವೀಕಡೂನ್ ಯೇತೋಯ್" (ಬಲಗಡೆಯಿಂದ ಬರ್ತಿದೀನಿ) ಅಂದು ನಿಧಾನ ಮಾಡಿದರೆ ಕಾಕಾನೂ ನಗುತ್ತಾರೆ. ಸೈಕಲ್ ಬಿಡಬಾರದು ಅಂತ ಬೋರ್ಡ್ ಇದ್ದ ಕಡೆ ಹೋಗಲೇಬೇಡಿ. ಕೆಲವರ ಹಟದಿಂದ ಎಲ್ಲರಿಗೂ ದಾರಿ ಮುಚ್ಚುತ್ತದೆ.

ಇನ್ನೊಂದು ತಾಪತ್ರಯ ಸಾಗಣೆ. ಓಟಗಾರ ಬ್ಯಾಗ್ ಹಾಕಿಕೊಂಡು ಎಸ್.ಟಿ. ಬಸ್ಸಿನಲ್ಲಿ ರೇಸ್‌ಗೆ ಹೋಗಬಲ್ಲ. ಸೈಕಲ್ಲಿಗೆ ಕಾರು, ರ್‍ಯಾಕು, ಗೆಳೆಯರು ಬೇಕು. ಹಿಮಾಚಲದ ಎಂ.ಟಿ.ಬಿ. ಹಿಮಾಲಯದಂಥ ಹಲವು ದಿನಗಳ ರೇಸ್ ಮೇಲೆ ಕಣ್ಣಿಟ್ಟವರು ಸೈಕಲ್ ಪೆಟ್ಟಿಗೆ, ರೈಲು-ವಿಮಾನದ ಲಗೇಜ್ ಖರ್ಚು, ರಜೆ ಎಲ್ಲ ಸೇರಿಸಿಯೇ ಲೆಕ್ಕ ಹಾಕಬೇಕು. ಅದು ಎರಡನೇ ಮೂರನೇ ವರ್ಷದ ಮಾತು.

ರೇಸ್ ನಡುವೆ ಚೈನ್ ತುಂಡಾದರೆ? ಜೋಡಿಸಲು ಬಂದರೆ ಐದು ನಿಮಿಷ ಹೋಯಿತು. ಬಾರದಿದ್ದರೆ ರೇಸ್ ಹೋಯಿತು. ಕೈ ಕೊಳೆ ಮಾಡಿಕೊಳ್ಳಲು ಇಷ್ಟವಿಲ್ಲದವರಿಗೆ ಈ ಆಟ ಬೇಸರ ತರಿಸುತ್ತದೆ.

ಎರಡೂ ಬೇಕು ಅನ್ನುವವರಿಗೆ

ಪುಣೆಯಲ್ಲಿ ಎಂಡ್ಯೂರೋ 3 ಅಂತ ಸಾಹಸ ರೇಸ್ ಇದೆ. ಮೂವರ ತಂಡ. ನಡಿಗೆ-ಓಟ, ಸೈಕಲ್, ನೀರು ದಾಟುವುದು ಎಲ್ಲ ಬರುತ್ತದೆ. ತಂಡ ಜೊತೆಯಾಗಿಯೇ ಸಾಗಬೇಕು. ಹಾಗಾಗಿ ನಿಧಾನವಾಗಿ ಹೋಗುವವರ ವೇಗವೇ ತಂಡದ ವೇಗ. ಇದು ಕೆಲವರಿಗೆ ಇಷ್ಟ, ಕೆಲವರಿಗೆ ಜಗಳದ ಮೂಲ. ಒಳ್ಳೆಯ ಸಂಗತಿ ಏನೆಂದರೆ ಇಂಥ ಕಡೆ ದುಬಾರಿ ಬೈಕ್ ಬೇಕಿಲ್ಲ. ಗಟ್ಟಿಮುಟ್ಟಾದ ಸಾಮಾನ್ಯ ಸೈಕಲ್ ನಡೆಯುತ್ತದೆ. ಹೆಜ್ಜೆಗಿಂತ ಮಾತು ಹೆಚ್ಚು ಬೇಕು: ಯಾರಿಗೆ ಸುಸ್ತು, ಯಾರು ನೀರು ಕುಡಿದಿಲ್ಲ, ದಾರಿ ಇದೇನಾ. ಮೂವರು ಸ್ನೇಹಿತರಿದ್ದು, ಯಾರಿಗೂ ಯಾವುದೂ ಪೂರ್ತಿ ಬಾರದಿದ್ದರೆ, ನಾನಾದರೆ ಇದನ್ನೇ ಮೊದಲು ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು

ಹತ್ತು-ಹದಿನೈದು ಸಾವಿರದ ಬಜೆಟ್, ವಾರದ ಬೆಳಿಗ್ಗೆ ಒಂದೇ ಗಂಟೆ, ಮನೆ ಟೇಕಡಿಯ ಹತ್ತಿರ: ಯೋಚಿಸುವುದೇ ಬೇಡ, ಚಿಕ್ಕ ಟ್ರೇಲ್ ಓಟ. ಅದೇ ಬಜೆಟ್, ಆದರೆ ಮನೆ ಖರಾಡಿಯಲ್ಲಿ: ಆಗಲೂ ಓಟ, ವಾರದಲ್ಲಿ ಮೆಟ್ಟಿಲು ಮತ್ತು ರಸ್ತೆ, ಭಾನುವಾರ ಬೆಟ್ಟ. ಮೊಣಕಾಲು ಹಾಳು, ಕೈಯಲ್ಲಿ ಅರವತ್ತು-ಎಪ್ಪತ್ತು ಸಾವಿರ ಇದೆ, ಕಾರು ಇದೆ, ಸ್ಪ್ಯಾನರ್ ಹಿಡಿಯಲು ಖುಷಿ: ಮೌಂಟನ್ ಬೈಕ್. ಹೆಲ್ಮೆಟ್ಟಿಗೂ ಬಿಡಿಭಾಗಕ್ಕೂ ಅದರಲ್ಲೇ ಹತ್ತು ಸಾವಿರ ಬೇರೆ ಇಡಿ. ಈಗಾಗಲೇ ಕಾತ್ರಜದಿಂದ ಸಿಂಹಗಡದವರೆಗೆ ಗುಡ್ಡ ಗುಡ್ಡ ದಾಟಿ ನಡೆದವರು, ರಾತ್ರಿ ಟಾರ್ಚ್ ಹಿಡಿದು ನಡೆಯಲು ಹೆದರದವರು, ಒಂದು 25 ಮುಗಿಸಿ ಮುಂದಿನ ವರ್ಷ ಐವತ್ತಕ್ಕೆ ಹೋಗಬಹುದು. ಎತ್ತರದ ಭಯ ಇದ್ದವರು ಎರಡರಲ್ಲೂ ಕೋಟೆಯ ಅಂಚಿನ ಹಾದಿಗಳನ್ನು ಬಿಟ್ಟು ತೋಟದ, ಬಯಲಿನ ರೇಸ್ ಆರಿಸಿ.

ಇನ್ನೂ ತೀರ್ಮಾನ ಆಗದಿದ್ದರೆ ದುಡ್ಡು ಹಾಕುವ ಮುಂಚೆ ಎರಡು ಭಾನುವಾರ ಕೊಡಿ. ಒಂದು ದಿನ ಸಿಂಹಗಡ ಹತ್ತಿ ಓಡಿ ಇಳಿಯಿರಿ. ಇನ್ನೊಂದು ದಿನ ಸ್ನೇಹಿತರ ಎಂ.ಟಿ.ಬಿ. ಬೇಡಿ ತಂದು ಗರಸಿನ ಸಣ್ಣ ಇಳಿಜಾರೊಂದನ್ನು ಹತ್ತಾರು ಸಲ ಇಳಿಸಿ. ಮಂಗಳವಾರ ತೊಡೆ ನೋಯುತ್ತಿದ್ದರೂ ಮತ್ತೆ ಹೋಗೋಣ ಅನಿಸುತ್ತದಾ? ಅಥವಾ ಇಳಿಜಾರು ಮುಗಿದಾಗ ಹಲ್ಲು ಕಚ್ಚಿದ್ದು ಬಿಟ್ಟು ನಗು ಬಂತಾ? ಉತ್ತರ ಅಲ್ಲೇ ಸಿಗುತ್ತದೆ.

ಪ್ರವೇಶ ಶುಲ್ಕ ಕಟ್ಟುವಾಗ ಮೂರು ಸಂಗತಿ ಓದಿ: ಗಡುವು ಎಷ್ಟು ಗಂಟೆ, ಕಡ್ಡಾಯ ಸಾಮಾನು ಏನು, ಬರಲಾಗದಿದ್ದರೆ ದುಡ್ಡು ವಾಪಸ್ ಬರುತ್ತದಾ. ದಾರಿಯ ಜಿ.ಪಿ.ಎಸ್. ಫೈಲ್ ಕೊಟ್ಟರೆ ಫೋನಿಗೆ ಇಳಿಸಿಕೊಳ್ಳಿ. ಗುರುತಿನ ರಿಬ್ಬನ್ನುಗಳನ್ನು ಮಾತ್ರ ನಂಬಿ ಹೋಗಬೇಡಿ. ಒಂದು ರೇಸ್‌ನಲ್ಲಿ ನಾವು ತಿರುವು ಹುಡುಕುತ್ತಾ ನಿಂತಿದ್ದಾಗ, ಸ್ವಲ್ಪ ಆಚೆ ಒಂದು ಮೇಕೆ ಅದೇ ಬಣ್ಣದ ರಿಬ್ಬನ್ ಜಗಿಯುತ್ತಾ ನಮ್ಮನ್ನೇ ನೋಡುತ್ತಿತ್ತು.